ಬಡಿಸುವವರ ಪಂಕ್ತಿ

ಅಕ್ಕೋರೇ,

ನಮ್ಮದು ಮುರ್ಡೇಶ್ವರ. ಯಜಮಾನರು ಬೋಟಿಗೆ ಹೋಗುತ್ತಿದ್ದವರು, ಈಗ ಸೊಂಟ ನೋವಿನಿಂದ ಮನೆಯಲ್ಲೇ ಕೂತು ಬಲೆ ರಿಪೇರಿ ಮಾಡುತ್ತಾರೆ. ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ 24. ದೇವಸ್ಥಾನದ ಹತ್ತಿರದ ಒಂದು ಹೋಟೆಲಿನಲ್ಲಿ ಮೂರು ವರ್ಷ ಸಪ್ಲೈಯರ್ ಆಗಿದ್ದ. ಆಮೇಲೆ ಕೋರ್ಸು ಮಾಡಿ, ಸೊಸೈಟಿಯಲ್ಲಿ ಸಾಲ ಎತ್ತಿ, ಅಮೆರಿಕದ ಮಿಯಾಮಿ ಎಂಬ ಊರಿನಿಂದ ಹೊರಡುವ ಪ್ರವಾಸಿ ಹಡಗಿಗೆ ಅಸಿಸ್ಟೆಂಟ್ ವೇಟರ್ ಆಗಿ ಸೇರಿದ. ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದ ವಾರವೇ ಅವನೂ ಹೊರಟಿದ್ದು. ಐದು ತಿಂಗಳಾಯಿತು. ಶಿವರಾತ್ರಿ ಕಳೆದ ಮೇಲೆ ಬರುತ್ತಾನೆ.

ವಿಡಿಯೋ ಕಾಲಿನಲ್ಲಿ ನೋಡಿದರೆ ಕೆನ್ನೆ ಒಳಗೆ ಹೋಗಿದೆ. ಏಳು ಕೆ.ಜಿ. ಇಳಿದಿದ್ದೇನೆ ಎಂದು ತಮ್ಮನ ಹತ್ತಿರ ಹೇಳಿದನಂತೆ. ನನ್ನ ಹತ್ತಿರ ‘ಊಟ ಆಯ್ತು ಆಯಿ’ ಬಿಟ್ಟರೆ ಬೇರೆ ಮಾತಿಲ್ಲ. ಏನು ಉಂಡೆ ಎಂದರೆ ‘ಇಲ್ಲಿ ಎಲ್ಲ ಇರ್ತದೆ’ ಅನ್ನುತ್ತಾನೆ. ಒಮ್ಮೆ ಮಾತ್ರ ಬಾಯಿ ತಪ್ಪಿ, ‘ದಿನಾ ನಿಂತೇ ತಿನ್ನೋದು, ಕೂತರೆ ನಿದ್ದೆ ಬರ್ತದೆ’ ಎಂದ. ಯಾವ ಸಾರಿನಲ್ಲಿ ಯಾವ ಮಾಂಸ ಇದೆಯೋ ಗೊತ್ತಾಗುವುದಿಲ್ಲ ಎಂದು ಬ್ರೆಡ್ಡು, ಮೊಟ್ಟೆಯಲ್ಲೇ ದಿನ ದೂಡುತ್ತಿದ್ದಾನೆ ಎಂದು ತಮ್ಮ ಹೇಳುತ್ತಾನೆ.

ದಿನವೂ ಫೋನು ಮಾಡುತ್ತಾನೆ. ಮೊದಲೆಲ್ಲ ನಮ್ಮ ರಾತ್ರಿ ಹನ್ನೆರಡೂವರೆಗೆ ಬರುತ್ತಿತ್ತು, ಈಗೀಗ ಒಂದೂವರೆ ಆಗುತ್ತಿದೆ. ಇನ್ನೂ ಹೆಚ್ಚು ದುಡಿಸುತ್ತಿದ್ದಾರೋ ಏನೋ. ಅವನ ದನಿ ಕೇಳದೆ ನನಗೆ ಅನ್ನ ಇಳಿಯುವುದಿಲ್ಲ. ಫೋನು ಬಂದ ಮೇಲೆ ಉಣ್ಣುತ್ತೇನೆ, ಬಾರದ ದಿನ ಹಾಗೇ ಮಲಗುತ್ತೇನೆ. ಹೋದ ತಿಂಗಳು ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಂಡು ಊಟ ಮಾಡದೆ ಕೂತಿದ್ದಾಗ ತಲೆ ಸುತ್ತಿ ಬಿದ್ದೆ. ಅವನಿಗೆ ಹೇಳಿಲ್ಲ.

ಸೊಸೈಟಿ ಕಂತು ಒಂದು ತಿಂಗಳು ತಪ್ಪಿತು ಎಂದು ಒಮ್ಮೆ ಹೇಳಿದ್ದೆ. ಅಂದಿನಿಂದ ಅವನ ಮಾತು ಇನ್ನೂ ಕಡಿಮೆ. ಬಿಟ್ಟು ಬಾ ಎನ್ನಲೇ? ಒಣ ಸಿಗಡಿ ಚಟ್ನಿ, ಉಪ್ಪಿನಕಾಯಿ ಕಳಿಸಲೇ? ಈಗ ಚಿಕ್ಕವನೂ ಹಡಗಿಗೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಎರಡು ಲಕ್ಷ ಕೊಟ್ಟರೆ ಕೆಲಸ ಖಾತ್ರಿ ಎಂದು ಒಬ್ಬರು ಹೇಳುತ್ತಿದ್ದಾರೆ. ದೊಡ್ಡವನು ಹೋದ ಮೇಲೆ ಒಮ್ಮೆ ಲಿಫ್ಟಿನಲ್ಲಿ ಗೋಪುರದ ಮೇಲೆ ಹೋಗಿ ಕಡಲು ನೋಡಿದೆ. ಕಂಡದ್ದು ನೇತ್ರಾಣಿ ಗುಡ್ಡ ಮಾತ್ರ.

— ಹೆಸರು ಹಾಕಬೇಡಿ, ಮುರ್ಡೇಶ್ವರ

ಅಕ್ಕಾ,

ನಿಮ್ಮ ಪತ್ರದ ತುಂಬ ಮಗನ ಹಸಿವೇ ಇದೆ. ನಿಮ್ಮ ಹಸಿವಿಗೆ ಸಿಕ್ಕಿದ್ದು ಮೂರು ಸಾಲು. ನಾನು ಆ ಮೂರು ಸಾಲಿನಿಂದಲೇ ಶುರು ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಊಟವನ್ನು ನಡುರಾತ್ರಿಗೆ ದೂಡಿದರೆ ರಕ್ತದ ಸಕ್ಕರೆ ತೀರ ಕೆಳಗಿಳಿಯಬಹುದು. ಮೈ ಬೆವರುವುದು, ಕೈ ನಡುಗುವುದು, ಎದೆ ಡವಡವ ಹೊಡೆದುಕೊಳ್ಳುವುದು, ಕಣ್ಣಿಗೆ ಕತ್ತಲೆ ಕವಿಯುವುದು ಅದರ ಗುರುತು. ಮುಂದುವರಿದರೆ ಎಚ್ಚರವೇ ತಪ್ಪುತ್ತದೆ. ನೀವು ಬಿದ್ದದ್ದು ಅದಕ್ಕೇ ಇರಬಹುದು. ಈ ವಾರವೇ ನಿಮ್ಮ ಡಾಕ್ಟರ ಹತ್ತಿರ ಹೋಗಿ. ಯಾವ ಗುಳಿಗೆ, ಅದನ್ನು ಎಷ್ಟು ಹೊತ್ತಿಗೆ ನುಂಗಿದಿರಿ, ಎಷ್ಟು ಹೊತ್ತಿಗೆ ಬಿದ್ದಿರಿ, ಮೂರನ್ನೂ ಹೇಳಿ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಮತ್ತೆ ಹಾಗೆ ಮೈ ನಡುಗಿದರೆ ತಡಮಾಡದೆ ಒಂದು ಲೋಟ ಸಕ್ಕರೆ ನೀರು ಕುಡಿದು, ಆಮೇಲೆ ಏನಾದರೂ ತಿನ್ನಿ. ಮತ್ತು ಇವತ್ತಿನಿಂದಲೇ, ಫೋನು ಬರಲಿ ಬಿಡಲಿ, ರಾತ್ರಿ ಎಂಟಕ್ಕೆ ಯಜಮಾನರ ಜೊತೆ ಉಣ್ಣಿ.

ಇದು ಹೇಳಿದಷ್ಟು ಸುಲಭವಿಲ್ಲ ಎಂದು ನನಗೆ ಗೊತ್ತು. 1990ರ ದಶಕದಲ್ಲಿ ನನ್ನ ಅಣ್ಣ ಸರಕು ಹಡಗಿನ ಅಡುಗೆಮನೆಯಲ್ಲಿದ್ದ. ಫೋನಿಲ್ಲ, ತಿಂಗಳು ಕಳೆದು ಒಂದು ಕಾಗದ. ಮನೆಯಲ್ಲಿ ಬಂಗುಡೆ ಸಾರು ಮಾಡಿದ ದಿನ ಅಮ್ಮ ಎಲ್ಲರಿಗೂ ಬಡಿಸಿ ತಾನು ಗಂಜಿಗೆ ಉಪ್ಪು ಹಾಕಿಕೊಂಡು ಏಳುತ್ತಿದ್ದಳು. ಅಣ್ಣ ರಜೆಗೆ ಬಂದಾಗ ನಾನು ಬಾಯಿ ತಡೆಯದೆ ಹೇಳಿಬಿಟ್ಟೆ. ಅವನು ಅಷ್ಟು ದೊಡ್ಡವನಾಗಿ ಕೂತು ಅತ್ತ. ‘ನಾನಲ್ಲಿ ಮೂರು ಹೊತ್ತೂ ಚೆನ್ನಾಗಿ ಉಣ್ಣುತ್ತಿದ್ದೆನಲ್ಲೇ’ ಎಂದ. ಮುಂದಿನ ಸಲ ಹೋದ ಮೇಲೆ ಮೀನಿನ ತಟ್ಟೆ ಮುಂದೆ ಬಂದಾಗಲೆಲ್ಲ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತಂತೆ. ಅಮ್ಮ ಹಿಡಿದ ಉಪವಾಸ ಅಣ್ಣನಿಗೆ ಹತ್ತಿಕೊಂಡಿತು. ನಿಮ್ಮ ಮಗನಿಗೂ ಇದು ಒಂದಲ್ಲ ಒಂದು ದಿನ ತಮ್ಮನ ಬಾಯಿಂದ ಗೊತ್ತಾಗಿಯೇ ಆಗುತ್ತದೆ.

ಇನ್ನು ಆ ಒಂದೂವರೆ ಗಂಟೆಯ ಭಯ. ಅದನ್ನು ಈಗಲೇ ಕಳೆಯಬಹುದು. ಅಮೆರಿಕದಲ್ಲಿ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುತ್ತಾರೆ. ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ, ಮಾರ್ಚಿನ ಎರಡನೆಯ ಭಾನುವಾರ ಮುಂದಕ್ಕೆ. ಆಗಸ್ಟಿನಲ್ಲಿ ಮಿಯಾಮಿಗೂ ನಮಗೂ ಒಂಬತ್ತೂವರೆ ಗಂಟೆಯ ಅಂತರ, ಈಗ ಹತ್ತೂವರೆ. ನಿಮ್ಮ ಮಗ ಫೋನು ಮಾಡುವುದು ಅಂದೂ ಇಂದೂ ಅವನ ಮಧ್ಯಾಹ್ನ ಮೂರಕ್ಕೇ. ಸರಿದದ್ದು ಗಡಿಯಾರದ ಮುಳ್ಳು.

ಆದರೆ ಆ ಮೂರು ಗಂಟೆ ಎಂದರೇನು ಎಂಬುದನ್ನು ನೀವು ತಿಳಿಯಬೇಕು. ಉತ್ತರ ಬರೆಯುವ ಮೊದಲು ನಾಲ್ಕು ಕಾಂಟ್ರಾಕ್ಟ್ ಮುಗಿಸಿ ಬಂದಿರುವ ಕುಮಟಾ ಕಡೆಯ ಒಬ್ಬ ಹುಡುಗನನ್ನು ಕೂರಿಸಿಕೊಂಡು ಅವನ ದಿನಚರಿಯನ್ನು ಗಂಟೆ ಗಂಟೆಗೂ ಕೇಳಿ ಬರೆದುಕೊಂಡೆ. ಅವನೂ ಊಟದ ಹಾಲಿನಲ್ಲೇ ಇದ್ದವನು. ಐದೂವರೆಗೆ ಏಳಬೇಕು. ಆರೂವರೆಗೆ ತಿಂಡಿಯ ಡ್ಯೂಟಿ. ಅದು ಮುಗಿದು ಕಪ್ಪು, ಚಮಚ, ಮೇಜುಬಟ್ಟೆ ಎಲ್ಲ ಒಪ್ಪ ಮಾಡುವಷ್ಟರಲ್ಲಿ ಹನ್ನೊಂದು. ಮೆಸ್ಸಿಗೆ ಓಡಿ ಒಂದಿಷ್ಟು ಬಾಯಿಗೆ ಹಾಕಿಕೊಂಡು ಬಂದರೆ ಮಧ್ಯಾಹ್ನದ ಡ್ಯೂಟಿ, ಎರಡೂವರೆಯವರೆಗೆ. ಐದಕ್ಕೆ ಮತ್ತೆ ಯೂನಿಫಾರ್ಮ್ ಹಾಕಿ ನಿಂತರೆ ರಾತ್ರಿ ಊಟ ಎರಡು ಪಾಳಿಯಲ್ಲಿ ನಡೆದು ಕೊನೆಯ ಮೇಜು ಒರೆಸುವಾಗ ಹನ್ನೊಂದು. ಹಡಗಿನಿಂದ ಹಡಗಿಗೆ ಅರ್ಧ ಗಂಟೆ ಹೆಚ್ಚುಕಮ್ಮಿ ಇರಬಹುದು, ಕ್ರಮ ಹೆಚ್ಚುಕಡಿಮೆ ಇದೇ.

ಈಗ ಕೂಡಿಸಿ ನೋಡಿ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರೂವರೆ, ಏಳೂವರೆ ಗಂಟೆ. ಮಧ್ಯಾಹ್ನ ಎರಡೂವರೆಯಿಂದ ಐದು, ಎರಡೂವರೆ ಗಂಟೆ. ಒಟ್ಟು ಹತ್ತು. ಸ್ನಾನ, ಬಟ್ಟೆ ಒಗೆಯುವುದು, ಶೂ ಪಾಲಿಶ್, ನಿದ್ದೆ, ನೆಮ್ಮದಿಯ ಒಂದು ಊಟ, ಎಲ್ಲ ಈ ಹತ್ತರೊಳಗೆ. ಪ್ರವಾಸಿ ಹಡಗಿನಲ್ಲಿ ವಾರಕ್ಕೊಮ್ಮೆ ಬೆಂಕಿ ಆರಿಸುವ, ದೋಣಿ ಇಳಿಸುವ ಡ್ರಿಲ್ ಇರುತ್ತದೆ. ಅದಕ್ಕೂ ಸಮಯ ಇಲ್ಲಿಂದಲೇ ಹೋಗುವುದುಂಟು. ನಿಮಗೆ ಮಾಡುವ ಫೋನೂ ಆ ಎರಡೂವರೆ ಗಂಟೆಯಿಂದಲೇ ಬರುವುದು. ನೀವು ಇಲ್ಲಿ ಊಟ ಬಿಟ್ಟು ಕಾಯುತ್ತೀರಿ, ಅವನು ಅಲ್ಲಿ ನಿದ್ದೆ ಬಿಟ್ಟು ಕರೆ ಮಾಡುತ್ತಾನೆ. ಫೋನಿಟ್ಟು ಸ್ವಲ್ಪ ಕಣ್ಣು ಮುಚ್ಚಿದ ಎನ್ನುವಷ್ಟರಲ್ಲಿ ಐದು ಗಂಟೆ. ಸಂಜೆಯ ಡ್ಯೂಟಿಗೆ ಮುಂಚೆ ಕೂತು ಉಣ್ಣಬೇಕಾದ ಊಟ ತಪ್ಪಿತು. ರಾತ್ರಿ ಹನ್ನೊಂದರ ಮೇಲೆ ಹೊಟ್ಟೆ ಹಸಿವನ್ನೇ ಮರೆತಿರುತ್ತದೆ. ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ಹೀಗೆ ಒಬ್ಬರ ತಟ್ಟೆಯನ್ನು ಒಬ್ಬರು ಕಸಿದುಕೊಂಡಿದ್ದೀರಿ, ಬೇಕೆಂದು ಮಾಡಿದ್ದಲ್ಲ.

ಆದ್ದರಿಂದ ದಿನದ ಫೋನನ್ನು ವಾರಕ್ಕೆ ಎರಡಕ್ಕೆ ಇಳಿಸಿ. ಯಾವ ಎರಡು ದಿನ ಎಂದು ಅವನೇ ಹೇಳಲಿ. ಮಿಯಾಮಿಗೆ ಮರಳುವ ದಿನವಂತೂ ಬೇಡ. ಅಂದು ಬೆಳಿಗ್ಗೆ ಸಾವಿರಾರು ಜನ ಇಳಿದು, ಮಧ್ಯಾಹ್ನದಿಂದ ಅಷ್ಟೇ ಜನ ಹತ್ತುತ್ತಾರೆ. ಸಿಬ್ಬಂದಿಗೆ ಅದರಷ್ಟು ಕೆಟ್ಟ ದಿನ ಇನ್ನೊಂದಿಲ್ಲ. ಉಳಿದ ದಿನ ವಾಟ್ಸಾಪಿನಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಸಾಕು. ನೀವು ರಾತ್ರಿ ಎಂಟಕ್ಕೆ ಉಂಡು ಕಳಿಸಿ, ಅವನು ಬಿಡುವಾದಾಗ ಕೇಳಲಿ. ಅದರಲ್ಲಿ ಕೇಳುವುದಕ್ಕಿಂತ ಹೇಳುವುದು ಹೆಚ್ಚಿರಲಿ. ಇವತ್ತು ಯಾವ ಮೀನು ಬಂತು, ಎಷ್ಟಕ್ಕೆ ಬಂತು, ಯಾರ ಮನೆ ಮದುವೆ, ದೇವಸ್ಥಾನದ ಎದುರು ಶಾಲಾ ಟೂರಿನ ಬಸ್ಸು ಎಷ್ಟು ನಿಂತಿದ್ದವು ಎಂದೆಲ್ಲ.

ಇನ್ನು ಅವನ ಊಟದ ವಿಷಯ. ಹಡಗಿನಲ್ಲಿ ಅನ್ನಕ್ಕೆ ಕೊರತೆ ಇರುವುದಿಲ್ಲ. ನಿಮ್ಮ ಗೋಪುರ 237 ಅಡಿ. ಈಗಿನ ಅತಿ ದೊಡ್ಡ ಪ್ರವಾಸಿ ಹಡಗುಗಳು ನೀರಿನ ಮೇಲೆ ಹೆಚ್ಚುಕಡಿಮೆ ಅಷ್ಟೇ ಎತ್ತರ ನಿಲ್ಲುತ್ತವೆ. 2024ರಲ್ಲಿ ಓಡಾಟ ಶುರು ಮಾಡಿದ ‘ಐಕಾನ್ ಆಫ್ ದಿ ಸೀಸ್’ ಹಡಗಿನಲ್ಲಿ 20 ಅಂತಸ್ತು, ಸಿಬ್ಬಂದಿಯೇ 2,350 ಜನ. ಅಷ್ಟು ಜನಕ್ಕೆ ಬೇರೆಯದೇ ಊಟದ ಮನೆಗಳು ಇರುತ್ತವೆ. ಕ್ರೂ ಮೆಸ್ ಅನ್ನುತ್ತಾರೆ. ಪ್ರಯಾಣಿಕರ ಕಣ್ಣಿಗೆ ಬೀಳದ ಕೆಳಗಿನ ಅಂತಸ್ತುಗಳಲ್ಲಿ, ಹಡಗಿನ ಉದ್ದಕ್ಕೂ ಹೋಗುವ ಉದ್ದನೆಯ ಹಾದಿಯ ಪಕ್ಕದಲ್ಲಿ. ಫಿಲಿಪ್ಪೀನ್ಸ್, ಇಂಡೋನೇಷ್ಯಾದವರು, ನಮ್ಮವರು ಹೆಚ್ಚಿರುವುದರಿಂದ ಮೂರು ಹೊತ್ತೂ ಅನ್ನ ಇದ್ದೇ ಇರುತ್ತದೆ. ದಾಲ್, ಒಂದು ಕರ್ರಿ, ಮೊಸರು ಬಹಳ ಹಡಗುಗಳಲ್ಲಿ ಸಿಗುತ್ತವೆ. ಊಟಕ್ಕೆ ಸಂಬಳದಲ್ಲಿ ಒಂದು ಪೈಸೆ ಹಿಡಿಯುವ ಹಾಗಿಲ್ಲ.

ಹಾಗಿದ್ದೂ ಹುಡುಗರು ಸೊರಗುತ್ತಾರೆ. ಯಾಕೆ ಎಂದು ಕುಮಟೆಯ ಹುಡುಗನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದಲ ತಿಂಗಳು ಎಸೆಯುವುದನ್ನು ನೋಡಿ ನೋಡಿ ನನಗೆ ಊಟವೇ ಸೇರುತ್ತಿರಲಿಲ್ಲ’ ಎಂದ. ಮುಟ್ಟಿಯೂ ನೋಡದ ಮೀನಿನ ತುಂಡು, ಒಂದೇ ಚಮಚ ತೆಗೆದ ಸಿಹಿ, ತಟ್ಟೆ ತಟ್ಟೆಯೇ ಅರೆಯುವ ಯಂತ್ರಕ್ಕೆ ಹೋಗುತ್ತದೆ. ಅದರಲ್ಲಿ ಒಂದು ತುತ್ತನ್ನೂ ಸಿಬ್ಬಂದಿ ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ. ಆ ನಿಯಮಕ್ಕೆ ಕಾರಣವಿದೆ. ಒಬ್ಬರ ವಾಂತಿಭೇದಿ ಎರಡೇ ದಿನದಲ್ಲಿ ಹಡಗಿಗೆಲ್ಲ ಹಬ್ಬಬಹುದು. ಅಮೆರಿಕದ ಬಂದರಿಗೆ ಬರುವ ಹಡಗುಗಳನ್ನು ಅಲ್ಲಿನ ಆರೋಗ್ಯ ಇಲಾಖೆಯವರು ಹೇಳದೆ ಕೇಳದೆ ಹತ್ತಿ ತಪಾಸಣೆ ಮಾಡುತ್ತಾರೆ. 100 ಅಂಕದಲ್ಲಿ 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹಡಗು ಫೇಲು. ತಣ್ಣಗಿನದು 5 ಡಿಗ್ರಿಗಿಂತ ಮೇಲೆ ಹೋಗಬಾರದು, ಬಿಸಿಯದು 57ಕ್ಕಿಂತ ಕೆಳಗಿಳಿಯಬಾರದು. ಇದೆಲ್ಲ ಸರಿಯೇ. ಆದರೆ ಎಲೆಯಲ್ಲಿ ಅಗುಳು ಬಿಟ್ಟರೆ ಬೈಸಿಕೊಂಡು ಬೆಳೆದ ಹುಡುಗ ಅವನು. ಹಸಿದ ಹೊಟ್ಟೆಯಲ್ಲಿ ನಿಂತು ದಿನವೂ ಅನ್ನ ಚೆಲ್ಲುವುದು ಮನಸ್ಸಿಗೆ ಎಂಥ ಕೆಲಸ ಎಂಬುದನ್ನು ಯಾವ ಕೋರ್ಸೂ ಕಲಿಸುವುದಿಲ್ಲ. ನಿಮ್ಮ ಮಗನಿಗೂ ಹೀಗೆ ಆಗಿದೆಯೇ ಎಂದು ಒಮ್ಮೆ ಕೇಳಿ. ಹೌದು ಎಂದರೆ ಅವನಿಗೆ ಅದನ್ನು ಹೇಳಿಕೊಳ್ಳಲು ಒಂದು ಜಾಗ ಸಿಕ್ಕಿತು.

ನಮ್ಮ ಮದುವೆಮನೆಗಳನ್ನು ನೆನಪಿಸಿಕೊಳ್ಳಿ. ಮೂರು ಪಂಕ್ತಿ, ನಾಲ್ಕು ಪಂಕ್ತಿ ಎದ್ದ ಮೇಲೆ ಕೊನೆಗೆ ಬಡಿಸುವವರ ಪಂಕ್ತಿ. ಆ ಹೊತ್ತಿಗೆ ಪಾಯಸದ ಪಾತ್ರೆ ತಳ ಕಂಡಿರುತ್ತದೆ, ಆದರೂ ಆ ಪಂಕ್ತಿಯಷ್ಟು ಗಲಾಟೆಯ, ಸಂತೋಷದ ಪಂಕ್ತಿ ಬೇರೆ ಇರುವುದಿಲ್ಲ. ಮನೆಯ ಹಿರಿಯರೊಬ್ಬರು ಹೆಗಲ ಮೇಲೆ ಟುವಾಲು ಹಾಕಿಕೊಂಡು ತಾವೇ ಬಡಿಸಲು ನಿಲ್ಲುತ್ತಾರೆ. ‘ಇಷ್ಟು ಹೊತ್ತು ಓಡಾಡಿದ್ದೀರಿ ಮಾರಾಯ್ರೇ, ಕೂತು ಉಣ್ಣಿ’ ಎಂದು ಬೇಡವೆಂದರೂ ಹಾಕುತ್ತಾರೆ. ಹಗಲಿಡೀ ಬಡಿಸಿದವನ ಹಸಿವು ಅನ್ನಕ್ಕಿಂತ ಹೆಚ್ಚಾಗಿ ಆ ಮಾತಿಗೆ ಕಾದಿರುತ್ತದೆ. ಹಡಗಿನ ಮೆಸ್ಸಿನಲ್ಲಿ ಅನ್ನ ಇದೆ, ಆ ಮಾತು ಹೇಳುವವರಿಲ್ಲ. ಟ್ರೇ ಹಿಡಿದು, ಬೇಕಾದ್ದು ಹಾಕಿಕೊಂಡು, ಜಾಗ ಹುಡುಕಿ, ಎದುರಿಗೆ ಯಾರು ಕೂತಿದ್ದಾರೆಂದು ನೋಡದೆ ನುಂಗಿ ಏಳುವುದು. ನಿಮ್ಮ ಯಜಮಾನರನ್ನು ಕೇಳಿ. ಬೋಟಿನಲ್ಲಿ ಅಲೆ ಎಷ್ಟೇ ಇರಲಿ, ಅನ್ನ, ಮೀನುಸಾರಿನ ಪಾತ್ರೆ ನಡುವೆ ಇಟ್ಟುಕೊಂಡು ತಾಂಡೇಲನಿಂದ ಹಿಡಿದು ಎಲ್ಲರೂ ಸುತ್ತ ಕೂರುತ್ತಾರೆ. ಒಬ್ಬ ಉಣ್ಣದಿದ್ದರೆ ಅದು ಅಷ್ಟೂ ಜನರ ವಿಷಯವಾಗುತ್ತದೆ.

ಇದಕ್ಕೇ, ‘ಊಟ ಆಯ್ತಾ’ ಎಂಬ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಅದಕ್ಕೆ ಅವನ ಬಳಿ ಒಂದೇ ಉತ್ತರವಿದೆ, ಅದನ್ನು ಅವನು ನಿಮಗಾಗಿ ಸಿದ್ಧಮಾಡಿಟ್ಟುಕೊಂಡಿದ್ದಾನೆ. ಬದಲಿಗೆ ‘ಇವತ್ತು ಯಾರ ಜೊತೆ ಕೂತೆ?’ ಎಂದು ಕೇಳಿ. ‘ಯಾರೂ ಇಲ್ಲ’ ಎಂದರೆ ಅಲ್ಲಿ ಸುಳಿವು ಸಿಕ್ಕಿತು. ನಮ್ಮ ದೇಶದ ಹುಡುಗರು ಆ ಹಡಗಿನಲ್ಲಿ ಇದ್ದೇ ಇರುತ್ತಾರೆ. ಗೋವೆಯವರು, ಮುಂಬಯಿಯವರು, ಕೇರಳದವರು, ಹುಡುಕಿದರೆ ಮಂಗಳೂರಿನವರೂ. ಕೊಂಕಣಿ, ಕನ್ನಡ, ಹಿಂದಿ, ಯಾವುದಾದರೂ ನಡೆಯುತ್ತದೆ. ದಿನಕ್ಕೆ ಒಂದೇ ಒಂದು ಊಟವನ್ನು, ಸಂಜೆ ನಾಲ್ಕೂವರೆಯದನ್ನು, ಇಂಥವನ ಜೊತೆ ಕೂತೇ ಮಾಡುತ್ತೇನೆ ಎಂದು ಅವನು ಗೊತ್ತುಮಾಡಿಕೊಳ್ಳಲಿ. ಸಂಜೆಯ ಡ್ಯೂಟಿಗೆ ಮುಂಚೆ ಹೊಟ್ಟೆ ತುಂಬ ಅನ್ನ, ದಾಲ್, ಮೊಸರು. ರಾತ್ರಿ ಹನ್ನೊಂದಕ್ಕೆ ಹಗುರಾಗಿ ಏನಾದರೂ. ಕುಮಟೆಯ ಹುಡುಗ ಎರಡನೆಯ ಕಾಂಟ್ರಾಕ್ಟಿನಿಂದ ಮಾಡಿದ್ದು ಇದನ್ನೇ. ಅವನ ಜೊತೆಗಾರ ಮಡಗಾಂವಿನವನು. ಒಬ್ಬ ಮಲಗಿಬಿಟ್ಟರೆ ಇನ್ನೊಬ್ಬ ಬಾಗಿಲು ಬಡಿದು ಎಬ್ಬಿಸುವುದೆಂದು ಮಾತಾಗಿತ್ತಂತೆ.

ಸಾರಿನಲ್ಲಿ ಯಾವ ಮಾಂಸ ಎಂಬ ಸಂಶಯ ಸಣ್ಣದಲ್ಲ. ನಿಮ್ಮ ಹುಡುಗ ದನದ ಮಾಂಸಕ್ಕೆ ಹೆದರುತ್ತಾನೆ, ಭಟ್ಕಳದ ಹುಡುಗ ಅದೇ ಮೆಸ್ಸಿನಲ್ಲಿ ಹಲಾಲ್ ಹೌದೋ ಅಲ್ಲವೋ ಎಂದು ಹಿಂದೇಟು ಹಾಕುತ್ತಾನೆ. ಇಬ್ಬರೂ ಸಂಕೋಚದಿಂದ ಕೇಳದೆ ಬ್ರೆಡ್ಡು ತಿನ್ನುತ್ತಾರೆ. ಕೇಳುವುದು ಅವರ ಹಕ್ಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ಕಡಲ ಕಾರ್ಮಿಕರ ಒಪ್ಪಂದಕ್ಕೆ ಭಾರತ 2015ರಲ್ಲಿ ಸೇರಿತು. ಪ್ರವಾಸಿ ಹಡಗುಗಳು ಹಾರಿಸುವ ಬಹಾಮಾಸ್, ಪನಾಮಾ, ಮಾಲ್ಟಾದಂಥ ದೇಶಗಳ ಬಾವುಟಗಳೂ ಅದರೊಳಗಿವೆ. ಸಿಬ್ಬಂದಿಯ ಊಟ ಪುಕ್ಕಟೆ ಇರಬೇಕು, ಪೌಷ್ಟಿಕವಾಗಿರಬೇಕು, ಅವರ ಧರ್ಮ, ರೂಢಿಗಳನ್ನು ಲಕ್ಷ್ಯದಲ್ಲಿಟ್ಟು ಮಾಡಬೇಕು ಎಂದು ಅದರಲ್ಲೇ ಇದೆ. 2024ರ ಡಿಸೆಂಬರ್ 23ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸಮತೋಲನದ ಆಹಾರ ಕೊಡಬೇಕು, ಮನೆಯವರೊಡನೆ ಮಾತಾಡಲು ಇಂಟರ್ನೆಟ್ ಸಾಧ್ಯವಾದ ಮಟ್ಟಿಗೆ ಕೊಡಬೇಕು, ದರ ಹಾಕಿದರೂ ಹದವಾಗಿರಬೇಕು ಎಂದೂ ಸೇರಿಸಿದ್ದಾರೆ. ಇದಕ್ಕಾಗಿ ಅವನು ಜಗಳ ಆಡಬೇಕಾಗಿಲ್ಲ. ಮೆಸ್ಸಿನ ಅಡುಗೆಯವನ ಹತ್ತಿರ ಹೋಗಿ ‘ನಾನು ಇದು ತಿನ್ನುವುದಿಲ್ಲ, ಯಾವುದರಲ್ಲಿ ಇಲ್ಲ ತೋರಿಸು’ ಎಂದರೆ ಆಯಿತು. ಹಿಂದೆ ನಮ್ಮ ಖಲಾಸಿಗಳಿಗೆ ಅಡುಗೆ ಮಾಡುವವನನ್ನು ಹಡಗಿನಲ್ಲಿ ‘ಭಂಡಾರಿ’ ಎನ್ನುತ್ತಿದ್ದರು. ಭಂಡಾರಿಯ ಸ್ನೇಹ ಇದ್ದವನು ಹಡಗಿನಲ್ಲಿ ಉಪವಾಸ ಬೀಳುವುದಿಲ್ಲ ಎಂದು ನನ್ನ ಅಣ್ಣ ಈಗಲೂ ಹೇಳುತ್ತಾನೆ.

ಅದೇ ಒಪ್ಪಂದದಲ್ಲಿ ವಿಶ್ರಾಂತಿಯ ಲೆಕ್ಕವೂ ಇದೆ. 24 ಗಂಟೆಯಲ್ಲಿ ಕನಿಷ್ಠ 10, ವಾರದಲ್ಲಿ 77. ಆ ಹತ್ತನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವ ಹಾಗಿಲ್ಲ, ಒಂದು ತುಂಡು 6 ಗಂಟೆಯಾದರೂ ಇರಬೇಕು. ನಾವು ಮೇಲೆ ಕೂಡಿಸಿದ ಲೆಕ್ಕ ಸರಿಯಾಗಿ ಹತ್ತಕ್ಕೆ ಬಂದು ನಿಂತದ್ದನ್ನು ನೋಡಿದಿರಲ್ಲ. ಒಂದರ್ಧ ಗಂಟೆ ಹೆಚ್ಚು ದುಡಿಸಿದರೂ ನಿಯಮ ಮುರಿಯಿತು. ವಿಶ್ರಾಂತಿಯ ದಾಖಲೆಗೆ ಅವನ ಸಹಿ ಬೇಕು, ಅದರ ಪ್ರತಿ ಅವನಿಗೆ ಸಿಗಬೇಕು. ಮಾಡಿದ ಕೆಲಸ ಒಂದು, ಬರೆದದ್ದು ಇನ್ನೊಂದು ಆಗಿದ್ದರೆ ಅವನು ತನ್ನ ಫೋನಿನಲ್ಲಿ ನಿಜವಾದ ಸಮಯವನ್ನು ದಿನವೂ ಬರೆದಿಟ್ಟುಕೊಳ್ಳಲಿ. ಹಡಗಿನಲ್ಲಿ ದೂರು ಕೊಡುವ ಕ್ರಮ ಇದೆ, ದೂರು ಕೊಟ್ಟದ್ದಕ್ಕೆ ಯಾರೂ ಅವನನ್ನು ಪೀಡಿಸುವ ಹಾಗಿಲ್ಲ. ಹೊಸಬನಿಗೆ ಆ ಧೈರ್ಯ ಬರುವುದು ಕಷ್ಟ ಎಂಬುದು ನನಗೆ ಅರ್ಥವಾಗುತ್ತದೆ. ಲೆಕ್ಕ ಕೈಯಲ್ಲಿದ್ದರೆ ಅರ್ಧ ಧೈರ್ಯ ಬಂದ ಹಾಗೆ.

ತೂಕದ ಬಗ್ಗೆ. ಮೊದಲ ಕಾಂಟ್ರಾಕ್ಟಿನಲ್ಲಿ ಸ್ವಲ್ಪ ಇಳಿಯುವುದು ಸಾಮಾನ್ಯ, ಅಷ್ಟು ನಡಿಗೆ, ಅಷ್ಟು ಮೆಟ್ಟಿಲು. ಆದರೆ ಐದು ತಿಂಗಳಲ್ಲಿ ಏಳು ಕೆ.ಜಿ.ಯನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇದೆ ಎಂಬುದನ್ನೂ ಸೇರಿಸಿ ಹೇಳುತ್ತೇನೆ. ಹಡಗಿನಲ್ಲಿ ಡಾಕ್ಟರು ಇರುತ್ತಾರೆ, ಸಿಬ್ಬಂದಿಗೆ ಚಿಕಿತ್ಸೆ ಪುಕ್ಕಟೆ. ಒಮ್ಮೆ ಹೋಗಿ ರಕ್ತದ ಸಕ್ಕರೆ ನೋಡಿಸಿಕೊಂಡು ಬರಲಿ. ಮಲಗಲು ಸಮಯ ಸಿಕ್ಕರೂ ನಿದ್ದೆ ಬಾರದಿರುವುದು, ಯಾವುದೂ ಬೇಡವೆನಿಸುವುದು, ‘ನಾನಿಲ್ಲದಿದ್ದರೆ ಏನಾಗ್ತದೆ’ ಎಂಬಂಥ ಮಾತು, ಇವು ಕಂಡರೆ ಕಾಯಬೇಡಿ. ಕಡಲ ಕಾರ್ಮಿಕರಿಗೆಂದೇ ಸೀಫೇರರ್‌ಹೆಲ್ಪ್ ಎಂಬ ಉಚಿತ ಸಹಾಯವಾಣಿ ಇದೆ, ಹಗಲೂ ರಾತ್ರಿ ನಡೆಯುತ್ತದೆ, ಹೇಳಿದ್ದು ಕಂಪನಿಗೆ ಹೋಗುವುದಿಲ್ಲ. ಅವನ ಫೋನಿನಲ್ಲಿ ಅದು ಇರಲಿ. ನಿಮಗಾಗಿ, ಅಕ್ಕಾ, ಸರ್ಕಾರದ ಟೆಲಿ-ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಸಾಲು. ಕಂತು ತಪ್ಪಿದ ಸುದ್ದಿ ಹೇಳಿದ ದಿನದಿಂದ ಅವನ ಮಾತು ಕಡಿಮೆಯಾಯಿತು ಎಂದಿರಿ. ಅದೇ ದಿನದಿಂದ, ನನ್ನ ಅಂದಾಜು, ತನ್ನ ಕಷ್ಟ ಹೇಳುವ ಹಕ್ಕು ತನಗಿಲ್ಲ ಎಂದು ಅವನು ತೀರ್ಮಾನಿಸಿದ್ದಾನೆ. ‘ಊಟ ಆಯ್ತು ಆಯಿ’ ಎಂಬ ಮಾತು ಅವನು ನಿಮಗೆ ಕಟ್ಟುತ್ತಿರುವ ಇನ್ನೊಂದು ಕಂತು. ಸೊಸೈಟಿಗೆ ನೀವೂ ಯಜಮಾನರೂ ಹೋಗಿ ಕಂತು ಚಿಕ್ಕದು ಮಾಡಿ ಅವಧಿ ಉದ್ದ ಮಾಡಲು ಆಗುತ್ತದೆಯೇ ಎಂದು ಕಾರ್ಯದರ್ಶಿಯವರನ್ನು ಕೇಳಿ ಬನ್ನಿ. ಆಗಲಿ ಆಗದಿರಲಿ, ಮಗನಿಗೆ ನಿಜವನ್ನೇ ಹೇಳಿ. ಇಷ್ಟು ಬಾಕಿ, ಇಷ್ಟು ದಿನದಲ್ಲಿ ತೀರುತ್ತದೆ ಎಂದು. ಅದನ್ನು ಹೇಳುವುದು ಯಜಮಾನರಾದರೆ ಇನ್ನೂ ಒಳ್ಳೆಯದು. ವಾರದ ಎರಡು ಕರೆಗಳಲ್ಲಿ ಒಂದನ್ನು ಅವರಿಗೆ ಬಿಟ್ಟುಕೊಡಿ. ನಿಮ್ಮ ಪತ್ರದಲ್ಲಿ ಅವರ ಸೊಂಟ ಇದೆ, ಬಲೆ ಇದೆ, ಮಾತು ಒಂದೂ ಇಲ್ಲ. ಆ ಮನೆಯಲ್ಲಿ ಕಡಲ ಮೇಲೆ ಉಂಡು ಗೊತ್ತಿರುವವರು ಅವರೊಬ್ಬರೇ. ಮೊದಲ ವರ್ಷ ಬೋಟಿನಲ್ಲಿ ಎಷ್ಟು ವಾಂತಿ ಮಾಡಿಕೊಂಡಿದ್ದರು, ಯಾರು ಅವರಿಗೆ ಗಂಜಿ ತಿಳಿ ಕುಡಿಸಿದರು ಎಂಬುದನ್ನು ಮಗನಿಗೆ ಹೇಳಲಿ. ಅಪ್ಪಂದಿರು ಇದನ್ನೆಲ್ಲ ಹೇಳುವುದಿಲ್ಲ, ಮಕ್ಕಳು ಕೇಳಲು ಕಾದಿರುತ್ತಾರೆ.

‘ಬಿಟ್ಟು ಬಾ’ ಎನ್ನಬೇಡಿ, ‘ಮುಗಿಸಿಯೇ ಬಾ’ ಎಂದೂ ಎನ್ನಬೇಡಿ. ‘ಯಾವತ್ತು ಬಂದರೂ ಮನೆ ಇದೆ’ ಎಂದಿಷ್ಟು ಹೇಳಿ ತೀರ್ಮಾನವನ್ನು ಅವನಿಗೆ ಬಿಡಿ. ವ್ಯವಹಾರದ ಒಂದು ವಿಷಯ ಮಾತ್ರ ಅವನಿಗೆ ಗೊತ್ತಿರಲಿ. ಕಾಂಟ್ರಾಕ್ಟ್ ಮುಗಿಸಿ ಅಥವಾ ಕಾಯಿಲೆಯಿಂದ ಇಳಿದರೆ ಊರಿಗೆ ಮರಳುವ ಖರ್ಚು ಕಂಪನಿಯದು. ಸರಿಯಾದ ಕಾರಣ ತೋರಿಸದೆ ನಡುವೆ ಬಿಟ್ಟರೆ ಟಿಕೆಟ್ ಅವನ ತಲೆ ಮೇಲೆ ಬರಬಹುದು. ಆದ್ದರಿಂದ ಮೈ ಸರಿಯಿಲ್ಲದಿದ್ದರೆ ಡಾಕ್ಟರ ಚೀಟಿ ಮೊದಲು.

ಒಣ ಸಿಗಡಿ ಚಟ್ನಿ ಕಳಿಸಬೇಡಿ. ಮನೆಯಲ್ಲಿ ಮಾಡಿದ ತಿನಿಸನ್ನು ಬಹುತೇಕ ಹಡಗುಗಳು ಒಳಗೆ ಬಿಡುವುದಿಲ್ಲ. ಅಮೆರಿಕದಲ್ಲಿ ಇಳಿಯುವಾಗ ಚೀಲದಲ್ಲಿರುವ ತಿನಿಸನ್ನೆಲ್ಲ ಹೇಳಬೇಕು, ಮುಚ್ಚಿಟ್ಟರೆ ದಂಡ. ಅಂಗಡಿಯ ಸೀಲು ಇರುವ ಉಪ್ಪಿನಕಾಯಿ ಪೊಟ್ಟಣ ಮುಂದಿನ ಸಲ ನಡೆಯುತ್ತದೆಯೇ ಎಂದು ಅವನೇ ಕಂಪನಿಯಲ್ಲಿ ವಿಚಾರಿಸಲಿ.

ಚಿಕ್ಕವನ ವಿಷಯದಲ್ಲಿ ನನ್ನ ಮಾತು ಗಟ್ಟಿ. ಎರಡು ಲಕ್ಷ ಕೇಳುವವರಿಗೆ ಎರಡು ರೂಪಾಯಿಯನ್ನೂ ಕೊಡಬೇಡಿ. ಹಡಗಿನ ಕೆಲಸ ಕೊಡಿಸುವುದಕ್ಕೆ ಹುಡುಗರಿಂದ ಹಣ ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. ಪಾಸ್‌ಪೋರ್ಟ್, ಸಿ.ಡಿ.ಸಿ. ಎಂಬ ನಾವಿಕನ ಪುಸ್ತಕ, ವೈದ್ಯಕೀಯ ಸರ್ಟಿಫಿಕೇಟು, ಇವುಗಳ ಖರ್ಚು ನಮ್ಮದು. ಸುರಕ್ಷತಾ ತರಬೇತಿಯ ಶುಲ್ಕವನ್ನು ಮಾನ್ಯತೆ ಇರುವ ಸಂಸ್ಥೆಗೆ ರಸೀದಿ ಪಡೆದು ಕಟ್ಟಬೇಕು. ಕೆಲಸ ಕೊಡಿಸುವವರಿಗೆ ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯದ ಆರ್.ಪಿ.ಎಸ್.ಎಲ್. ಲೈಸೆನ್ಸ್ ಇರಬೇಕು. ಲೈಸೆನ್ಸ್ ಇರುವವರ ಪಟ್ಟಿ ಆ ಇಲಾಖೆಯ ವೆಬ್‌ಸೈಟಿನಲ್ಲಿದೆ, ನಿಮ್ಮ ಹುಡುಗ ಫೋನಿನಲ್ಲೇ ನೋಡಬಹುದು. ಹೋಗಲೇಬೇಕೆಂದಿದ್ದರೆ ಅಣ್ಣ ಬರುವವರೆಗೆ ಕಾಯಲಿ. ಇಬ್ಬರೂ ಹೊಳೆದಂಡೆಯ ಮೇಲೆ ಕೂತು ಎರಡು ದಿನ ಮಾತಾಡಲಿ.

ಒಂದು ಕೊನೆಯ ಮಾತು, ನಿಮ್ಮ ಒಂಟಿತನದ ಬಗ್ಗೆ. ಗೋವೆಯಲ್ಲಿ ಹಡಗಿಗೆ ಹೋಗುವವರನ್ನು ‘ತಾರ್ವಟಿ’ ಎನ್ನುತ್ತಾರೆ. ತಲೆಮಾರುಗಳಿಂದ ಹೋದವರು. ಮುಂಬಯಿಯಲ್ಲಿ ಊರೂರಿನ ಹೆಸರಿನ ‘ಕೂಡ್’ ಎಂಬ ಮನೆಗಳಿದ್ದವು, ಹಡಗು ಸಿಗುವ ತನಕ ಒಂದೇ ಊರಿನವರು ಅಲ್ಲಿ ಕಡಿಮೆ ಖರ್ಚಿನಲ್ಲಿ ತಂಗುತ್ತಿದ್ದರು. ಹಿಂದೆ ಉಳಿದ ಹೆಂಗಸರಿಗೂ ಇಡೀ ವಾಡೆಯೇ ಅಂಥ ಹೆಂಗಸರದ್ದು. ಯಾವ ಕಾಗದ ಎಷ್ಟು ದಿನಕ್ಕೆ ಬರುತ್ತದೆ, ಯಾವ ಮೌನಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದು ಅಕ್ಕಪಕ್ಕದವರಿಗೆ ಗೊತ್ತಿರುತ್ತಿತ್ತು. ನಿಮಗೆ ಆ ವಾಡೆ ಇಲ್ಲ, ನೀವೇ ಕಟ್ಟಿಕೊಳ್ಳಬೇಕು. ಭಟ್ಕಳದಿಂದ ಕುಮಟೆಯವರೆಗೆ ಮಗ ಹಡಗಿನಲ್ಲಿರುವ ತಾಯಂದಿರು ಬೇರೆಯೂ ಇರುತ್ತಾರೆ. ಹೊನ್ನಾವರದಿಂದ ಇಬ್ಬರು ನನಗೇ ಬರೆದಿದ್ದಾರೆ. ನೀವು ಒಪ್ಪಿದರೆ, ಅವರೂ ಒಪ್ಪಿದರೆ, ಒಬ್ಬರ ನಂಬರು ಇನ್ನೊಬ್ಬರಿಗೆ ಕೊಡುತ್ತೇನೆ. ನಡುರಾತ್ರಿ ಒಂದೂವರೆಗೆ ಎಚ್ಚರವಿರುವ ಅಭ್ಯಾಸ ಅವರಿಗೂ ಇದೆ, ಅದನ್ನು ಬಿಡಿಸಿಕೊಳ್ಳಲು ಅವರಿಗೂ ಜೊತೆ ಬೇಕು.

ಮಗ ಬಂದ ಮೊದಲ ವಾರ ನೆಂಟರನ್ನು ಕರೆಯಬೇಡಿ. ಹಗಲು ಹನ್ನೊಂದಕ್ಕೆ ಎದ್ದು ಸಂಜೆ ನಾಲ್ಕೂವರೆಗೆ ಊಟ ಕೇಳುತ್ತಾನೆ, ಕೊಡಿ. ಗಡಿಯಾರ ಇಳಿಯಲು ಮೈಗೆ ಸ್ವಲ್ಪ ದಿನ ಬೇಕು. ಬಂಗುಡೆ ಸಾರು ಮಾಡಿ, ಅವನನ್ನು ಕೂರಿಸಿ, ಯಜಮಾನರನ್ನೂ ಚಿಕ್ಕವನನ್ನೂ ಪಕ್ಕದಲ್ಲಿ ಕೂರಿಸಿ ಬಡಿಸಿ. ಆಮೇಲೆ ಅವನು ಎದ್ದು ನಿಮ್ಮ ತಟ್ಟೆಗೆ ಬಡಿಸುತ್ತೇನೆ ಎಂದರೆ ಬೇಡ ಎನ್ನಬೇಡಿ. ಎಂಟು ತಿಂಗಳು ಅವನು ಕಲಿತು ಬಂದ ಕೆಲಸ ಅದೇ. ಆ ಊಟ ಹೇಗಾಯಿತು ಎಂದು ನನಗೆ ಒಂದು ಕಾರ್ಡು ಹಾಕಿ. ಡಾಕ್ಟರು ಏನೆಂದರು ಎಂಬುದನ್ನು ಮಾತ್ರ ಅದಕ್ಕೂ ಮುಂಚೆ, ಈ ತಿಂಗಳಲ್ಲೇ ಬರೆಯಿರಿ.